ಹದಿಮೂರು ಗುಂಡಿಗೆ ಮೂವತ್ತು ನಿಮಿಷ: ಕೇಪಿನ ಕೋವಿ ಹಿಡಿದು ಮೊದಲ ಸ್ಪರ್ಧೆಯವರೆಗೆ

ಹೋದ ಭಾನುವಾರ ನನ್ನ ಮೊದಲ ಸ್ಪರ್ಧೆ ಮುಗಿಯಿತು. ಉಗುರಿನ ಸಂದಿಯ ಮಸಿ ಇನ್ನೂ ಪೂರ್ತಿ ಹೋಗಿಲ್ಲ. ಕ್ಲಬ್ಬಿನಲ್ಲಿ ಹೆಸರು ಬರೆಸಿದ ದಿನದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳಾಯಿತು. ಅದರಲ್ಲಿ ಮೊದಲ ಎಂಟು ತಿಂಗಳು ನನ್ನದು ಅನ್ನುವ ಕೋವಿಯೇ ಇರಲಿಲ್ಲ, ಬರೀ ಕಾಗದ ಪತ್ರ, ಬರೀ ಕಾಯುವುದು. ಉಳಿದ ಆರರಲ್ಲಿ ಮೂರು ತಿಂಗಳು ತಪ್ಪಿನ ಕಾರಣವನ್ನು ಅದು ಇಲ್ಲದ ಜಾಗದಲ್ಲಿ ಹುಡುಕುತ್ತ ಕಳೆದೆ. ಆ ಮೂರು ತಿಂಗಳು ಇನ್ನೊಬ್ಬರಿಗೆ ಉಳಿಯಲಿ ಅಂತ, ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ಇದು ತೋಟೆ ಹಾಕುವ ಕೋವಿಯ ವಿಷಯ ಅಲ್ಲ. ನಳಿಗೆಯ ಬಾಯಿಂದ ಮಸಿ (ಕರಿಮದ್ದು) ಸುರಿದು, ಜಿಡ್ಡು ಸವರಿದ ಬಟ್ಟೆಯ ಬಿಲ್ಲೆಯಲ್ಲಿ ಸೀಸದ ಗುಂಡನ್ನಿಟ್ಟು, ಗಜ ಅನ್ನುವ ಉದ್ದ ಕೋಲಿನಿಂದ ತಳದವರೆಗೆ ನೂಕಿ, ಹಿಂದೆ ನಿಪ್ಪಲ್ ಅನ್ನುವ ತೂತಿನ ಮೊಳೆಯ ಮೇಲೆ ಕೇಪು (ಪೆಟ್ಟು ಬಿದ್ದರೆ ಸಿಡಿಯುವ ತಾಮ್ರದ ಪುಟ್ಟ ಟೋಪಿ) ಕೂರಿಸಿ, ಕುದುರೆ ಅನ್ನುವ ಸುತ್ತಿಗೆಯನ್ನು ಎಳೆದು ಹೊಡೆಯುವ ಹಳೇ ಕ್ರಮದ ರೈಫಲ್. ಒಂದು ಗುಂಡು ಹಾರಿಸಿದರೆ ಮುಂದಿನದಕ್ಕೆ ಎರಡು ನಿಮಿಷ ಬೇಕು. ರೇಂಜಿನಲ್ಲಿ ಮೊದಲ ಸಲ ಇದನ್ನು ನೋಡಿದಾಗ ನನ್ನ ಮನಸ್ಸಿಗೆ ಹಿಡಿಸಿದ್ದು ಸದ್ದೂ ಅಲ್ಲ, ಹೊಗೆಯೂ ಅಲ್ಲ. ಹೊಡೆದ ಹಿರಿಯರೊಬ್ಬರು ಬಿಳಿ ಹೊಗೆ ಕರಗುವವರೆಗೂ ಕೋವಿಯನ್ನು ಭುಜದಿಂದ ಇಳಿಸದೆ ಹಾಗೇ ನಿಂತಿದ್ದರು. ಆಮೇಲೆ ಅವರೇ ನನಗೆ ಕಲಿಸಿದರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಮೊದಲ ಮೂರು ತಿಂಗಳು ಕ್ಲಬ್ಬಿನ ನಿಯಮದಂತೆ ಸುರಕ್ಷತೆಯ ಪಾಠ. ಕ್ಲಬ್ಬಿನ ಕೋವಿಯಲ್ಲಿ, ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದಾಗ ಮಾತ್ರ ಹೊಡೆಯಬಹುದಿತ್ತು. ಮೊದಲ ನಾಲ್ಕು ವಾರ ಮಸಿಯನ್ನೇ ಕೊಡಲಿಲ್ಲ. ಖಾಲಿ ನಳಿಗೆಗೆ ಗಜ ಹಾಕಿ ತೆಗೆಯುವುದು, ನಳಿಗೆಯ ಬಾಯಿಯ ಮೇಲೆ ಮುಖ ಬಾಗಿಸದೆ ನಿಲ್ಲುವುದು, ಗುಂಡನ್ನು ತಳಕ್ಕೆ ಕೂರಿಸಿ ಕೋವಿಯನ್ನು ಗುರಿಯ ಕಡೆ ತಿರುಗಿಸುವವರೆಗೆ ಕೇಪಿನ ಡಬ್ಬಿಗೆ ಕೈ ಹಾಕದಿರುವುದು. ಇಷ್ಟನ್ನೇ ಮತ್ತೆ ಮತ್ತೆ ಮಾಡಿಸಿದರು. ನನಗೆ ಬೇಸರವಾದದ್ದು ನಿಜ. ಒಂದು ದಿನ ಕೇಳಿಯೇಬಿಟ್ಟೆ. "ನೋಡಮ್ಮ, ಈ ಕೋವಿಯಲ್ಲಿ ತೋಟೆಯನ್ನು ಯಾವ ಕಾರ್ಖಾನೆಯೂ ಮಾಡಿಕೊಡಲ್ಲ. ನೀನೇ ನಳಿಗೆಯೊಳಗೆ ಮಾಡಬೇಕು. ಪ್ರತಿಸಲವೂ ಹೊಸದಾಗಿ" ಅಂದರು. ಆಗ ಸುಮ್ಮನೆ ತಲೆ ಆಡಿಸಿದೆ. ಅರ್ಥವಾಗಲು ಇನ್ನೂ ಹತ್ತು ತಿಂಗಳು ಬೇಕಾಯಿತು.

ಕಾಗದ ಪತ್ರದ ಮಾತಿಗೆ ಬರುತ್ತೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಆದ್ದರಿಂದ ಯಾವ ಅರ್ಜಿ, ಯಾವ ನಮೂನೆ ಅಂತ ನಾನು ಹೇಳುವುದಿಲ್ಲ. ಅದನ್ನು ನಿಮ್ಮ ಕ್ಲಬ್ಬಿನಲ್ಲಿ ಕೇಳಿ. ಆದರೆ ಯಾರೂ ಮೊದಲೇ ಹೇಳದೆ ನಾನು ಎಡವಿದ ಒಂದು ಸಂಗತಿ ಇದೆ: ಕೋವಿಗೆ ಒಂದು ಪರವಾನಗಿ, ಮಸಿಗೆ ಇನ್ನೊಂದು. ಕೋವಿ ಆಯುಧ, ಮಸಿ ಸ್ಫೋಟಕ. ಎರಡಕ್ಕೂ ಅಧಿಕಾರಿಗಳು ಬೇರೆ, ಕೇಳುವ ಪ್ರಶ್ನೆಗಳೂ ಬೇರೆ. ನಾನು ಕೋವಿಯ ಅರ್ಜಿ ಹಾಕಿ, ಅದು ಮಂಜೂರಾಗಲಿ ಅಂತ ಎರಡು ತಿಂಗಳು ಕಾದು, ಆಮೇಲೆ ಮಸಿಯ ಅರ್ಜಿ ಬರೆಯಲು ಕೂತೆ. ಎರಡನ್ನೂ ಒಂದೇ ವಾರದಲ್ಲಿ ಕೊಟ್ಟಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು.

ಮಸಿಯ ಅರ್ಜಿ ಒಂದು ಸಲ ವಾಪಸ್ಸೂ ಬಂತು. ತರಬೇತಿಯ ಪ್ರಮಾಣಪತ್ರ, ವೈದ್ಯರ ಪತ್ರ, ಕ್ಲಬ್ಬಿನ ಶಿಫಾರಸು ಎಲ್ಲ ಇದ್ದವು. ಮಸಿಯನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ ಅನ್ನುವ ಕಡೆ ನಾನು "ಬೀಗ ಹಾಕಿದ ಕಪಾಟಿನಲ್ಲಿ" ಅಂತ ಒಂದೇ ಸಾಲು ಬರೆದಿದ್ದೆ. ಅದು ಸಾಲಲಿಲ್ಲ. ಕಪಾಟು ಯಾವ ಕೋಣೆಯಲ್ಲಿದೆ, ಒಲೆಯಿಂದ ಎಷ್ಟು ದೂರ, ವಿದ್ಯುತ್ ತಂತಿ ಎಲ್ಲಿ ಹಾದಿದೆ, ಕೇಪುಗಳನ್ನು ಅದೇ ಪೆಟ್ಟಿಗೆಯಲ್ಲಿ ಇಡುತ್ತೀರಾ ಅಂತೆಲ್ಲ ತಿರುಗಿ ಕೇಳಿದರು. ಕೋಪ ಬಂತು. ಈಗ ಯೋಚಿಸಿದರೆ ಅವರು ಕೇಳಿದ್ದು ನ್ಯಾಯ. ಮಸಿಗೆ ಹೊತ್ತಿಕೊಳ್ಳಲು ಬೆಂಕಿಯೇ ಬೇಕೆಂದಿಲ್ಲ, ಒಂದು ಕಿಡಿ ಸಾಕು. ಕೇಪಿಗೆ ಕಿಡಿಯೂ ಬೇಡ, ಪೆಟ್ಟು ಬಿದ್ದರೆ ಸಾಕು. ಅವೆರಡೂ ಒಂದೇ ಪೆಟ್ಟಿಗೆಯಲ್ಲಿ ಇರಕೂಡದು. ಕೋಣೆಯ ನಕ್ಷೆಯನ್ನು ಅಳತೆ ಸಮೇತ ಕೈಯಲ್ಲೇ ಬರೆದು, ಎರಡು ಬೇರೆ ಪೆಟ್ಟಿಗೆಗಳ ಫೋಟೋ ಅಂಟಿಸಿ ಮತ್ತೆ ಕೊಟ್ಟೆ. ಆರು ವಾರಕ್ಕೆ ಒಪ್ಪಿಗೆ ಬಂತು. ನೀವು ಮೊದಲ ಸಲವೇ ನಕ್ಷೆ ಇಟ್ಟು ಕೊಡಿ.

ಆ ಕಾಯುವ ತಿಂಗಳುಗಳಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ಯಾವ ಕೋವಿ ಬೇಕು ಅಂತ ತೀರ್ಮಾನಿಸಿದ್ದು. ಅಂಗಡಿಯಲ್ಲಿ ಚೆಂದ ಕಂಡದ್ದನ್ನು ಕೊಂಡು, ಆಮೇಲೆ ಅದಕ್ಕೆ ಸ್ಪರ್ಧೆ ಹುಡುಕುವವರಿದ್ದಾರೆ. ಹಾಗೆ ಮಾಡಬೇಡಿ. ಈ ಆಟದ ಅಂತರರಾಷ್ಟ್ರೀಯ ಸಮಿತಿ ಎಂಎಲ್‌ಎಐಸಿ. ಅದರ ವಿಭಾಗಗಳು ಕೋವಿಯ ಜಾತಿಯ ಮೇಲೆ ನಿಂತಿವೆ. ಒಂದೊಂದಕ್ಕೂ ಇತಿಹಾಸದಿಂದ ತಂದ ಹೆಸರಿದೆ. ಬತ್ತಿಕೋವಿಯಲ್ಲಿ 50 ಮೀಟರಿಗೆ ಹೊಡೆಯುವುದಕ್ಕೆ ತನೆಗಶಿಮಾ ಅಂತ ಹೆಸರು. 1543ರಲ್ಲಿ ಪೋರ್ಚುಗೀಸರ ಕೈಯಿಂದ ಬತ್ತಿಕೋವಿ ಜಪಾನಿಗೆ ಬಂದಿಳಿದ ದ್ವೀಪ ಅದು. ಕೇಪಿನ ಸೈನಿಕ ರೈಫಲ್ಲಿಗೆ 100 ಮೀಟರಿನ ಮಿನಿಯೆ. ತಳ ಟೊಳ್ಳಾದ ಉದ್ದ ಗುಂಡನ್ನು 1849ರಲ್ಲಿ ರೂಪಿಸಿದ ಫ್ರೆಂಚ್ ಅಧಿಕಾರಿಯ ಹೆಸರು. ನಳಿಗೆಯ ಒಳಮೈಯನ್ನು ಆರು ಮೂಲೆಯಾಗಿ ಕೊರೆದ ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಹೆಸರಿನಲ್ಲಿ ಮಲಗಿ ಹೊಡೆಯುವ 100 ಮೀಟರಿನ ವಿಭಾಗ. ಚಕಮಕಿ ಕಲ್ಲಿನ ರೈಫಲ್ಲಿಗೆ ಮ್ಯಾಕ್ಸಿಮಿಲಿಯನ್. ನಾನು ಆರಿಸಿಕೊಂಡದ್ದು ವೆಟರ್ಲಿ: 50 ಮೀಟರು, ನಿಂತು ಹೊಡೆಯುವುದು. ಈ ಆಟದ ಚೌಕಟ್ಟು ಇಷ್ಟೇ: ಮೂವತ್ತು ನಿಮಿಷದಲ್ಲಿ ಹದಿಮೂರು ಗುಂಡು, ಅದರಲ್ಲಿ ಒಳ್ಳೆಯ ಹತ್ತು ಲೆಕ್ಕಕ್ಕೆ. ನೂರಕ್ಕೆ ನೂರು ಪೂರ್ಣಾಂಕ.

50 ಮೀಟರಿಗೆ ಉರುಟು ಗುಂಡು ಸಾಕು. ಉರುಟು ಗುಂಡಿಗೆ ನಳಿಗೆಯೊಳಗಿನ ಗೀರು, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಗೆರೆ, ನಿಧಾನವಾಗಿ ಸುತ್ತಬೇಕು, ಉದ್ದ ಗುಂಡಿಗೆ ಬೇಗ ಸುತ್ತಬೇಕು. ನಾನು ಕೊಂಡದ್ದು .45 ಅಳತೆಯ, 48 ಇಂಚಿಗೆ ಒಂದು ಸುತ್ತು ಬರುವ ಕೇಪಿನ ರೈಫಲ್, ಹಳೆಯದರ ಹೊಸ ಪ್ರತಿಕೃತಿ. ಅಸಲಿ ಹಳೇ ಕೋವಿಗಳಿಗೂ ಪ್ರತಿಕೃತಿಗಳಿಗೂ ಸ್ಪರ್ಧೆಯಲ್ಲಿ ಪಟ್ಟಿ ಬೇರೆ. ಮೊದಲ ಕೋವಿಯಾಗಿ ಅಸಲಿಯನ್ನು ಕೊಳ್ಳಬೇಡಿ ಅಂತ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ನೂರೈವತ್ತು ವರ್ಷದ ನಳಿಗೆಯೊಳಗೆ ಏನಿದೆ ಅಂತ ಹೊಸಬರ ಕಣ್ಣಿಗೆ ತಿಳಿಯುವುದಿಲ್ಲ.

ಖರ್ಚು ಕೇಳುವವರಿಗೆ: ಕೋವಿಯ ಬೆಲೆ ನೋಡಿ ಲೆಕ್ಕ ಮುಗಿಸಬೇಡಿ. ನನಗೆ ಜೊತೆಯ ಸಾಮಾನಿಗೇ ಕೋವಿಯ ಅರ್ಧದಷ್ಟು ಹಣ ಹೋಯಿತು. ಗುಂಡಿನ ಅಚ್ಚು, ಸೀಸ ಕರಗಿಸುವ ಪಾತ್ರೆ, ಮಸಿ ಅಳೆಯುವ ಹಿತ್ತಾಳೆ ಅಳತೆ, ನಳಿಗೆಯ ಬಾಯಿಗೆ ಗುಂಡು ಒತ್ತುವ ಮೊಟಕು ಗೂಟ, ಉಜ್ಜುವ ಕೋಲು, ಹೆಚ್ಚಿಗೆ ಎರಡು ನಿಪ್ಪಲ್, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಕನ್ನಡಕದಲ್ಲಿ ಉಳಿತಾಯ ಮಾಡಬೇಡಿ. ಕೇಪು ಸಿಡಿದಾಗ ತಾಮ್ರದ ಚೂರು ಹಿಂದಕ್ಕೆ ಹಾರುತ್ತದೆ. ನನ್ನ ಕನ್ನಡಕದ ಬಲಗಾಜಿನ ಮೇಲೆ ಈಗಾಗಲೇ ಎರಡು ಚುಕ್ಕೆ ಬಿದ್ದಿವೆ. ನಾನು ಕೊಂಡೂ ಮುಟ್ಟದೆ ಉಳಿದದ್ದು ಚೆಂದದ ಮಸಿಬುರುಡೆ. ಬುರುಡೆಯಿಂದ ನೇರ ನಳಿಗೆಗೆ ಮಸಿ ಸುರಿಯುವುದು ಸ್ಪರ್ಧೆಯಲ್ಲಿ ನಿಷಿದ್ಧ. ಹಿಂದಿನ ಹೊಡೆತದ ಕೆಂಡ ಒಳಗೆ ಉಳಿದಿದ್ದರೆ ಬುರುಡೆ ಪೂರ್ತಿ ಕೈಯಲ್ಲೇ ಹೊತ್ತಿಕೊಳ್ಳುತ್ತದೆ. ಒಂದು ಹೊಡೆತಕ್ಕೆ ಬೇಕಾದಷ್ಟನ್ನೇ ಮನೆಯಲ್ಲಿ ಅಳೆದು ಪುಟ್ಟ ಟ್ಯೂಬುಗಳಲ್ಲಿ ತುಂಬಿಕೊಂಡು ಹೋಗಬೇಕು.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಇದರಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಎರಡನೆಯ ಅವಕಾಶ ಇರುವುದಿಲ್ಲ. ಈ ಕೋವಿಗೆ ಕರಿಮದ್ದು, ಅಂದರೆ ಕೋವಿಮಸಿ, ಅಥವಾ ಅದಕ್ಕೆ ಬದಲಾಗಿ ತಯಾರಕರು ಒಪ್ಪಿದ ಪುಡಿ ಮಾತ್ರ. ಈಗಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಒಂದು ಚಿಟಿಕೆಯೂ ಹಾಕಬಾರದು. ಅದರ ಒತ್ತಡಕ್ಕೆ ನಳಿಗೆ ಒಡೆಯುತ್ತದೆ. ಮಸಿಯಲ್ಲೂ ಕಾಳಿನ ಗಾತ್ರ ಬೇರೆ ಬೇರೆ, ಅದನ್ನು ಎಫ್ ಅಕ್ಷರದ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಎಫ್ ದಪ್ಪ, ನಾಲ್ಕು ಎಫ್ ತೀರ ಸಣ್ಣ, ಅದು ಚಕಮಕಿ ಕೋವಿಯ ಬಟ್ಟಲಿಗೆ. ನನ್ನ ಅಳತೆಯ ಕೋವಿಗೆ ಮೂರು ಎಫ್. ತಯಾರಕರ ಪುಸ್ತಿಕೆಯಲ್ಲಿ ಕೊಟ್ಟ ಮಿತಿಯ ಕೆಳತುದಿಯಿಂದ ಶುರು ಮಾಡಿ. ನಾನು 40 ಗ್ರೇನಿನಿಂದ ಶುರು ಮಾಡಿದೆ, ಗ್ರಾಮಿನಲ್ಲಿ ಹೇಳಿದರೆ ಎರಡೂವರೆಗೆ ಚೂರು ಹೆಚ್ಚು.

ಗುಂಡು ಎರಕ ಹೊಯ್ಯುವುದು ನನಗೆ ಬಲು ಇಷ್ಟವಾದ ಭಾಗ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಚ್ಚು ತುಂಬಬೇಕಾದರೆ ಇನ್ನೂ ಬಿಸಿ ಬೇಕು. ಮೇಲೆ ತೇಲುವ ಕಿಟ್ಟ ತೆಗೆದರೆ ಕೆಳಗೆ ಕನ್ನಡಿ ಹಾಗೆ ಹೊಳೆಯುತ್ತದೆ. ಅಚ್ಚು ತಣ್ಣಗಿದ್ದರೆ ಮೊದಲ ಹತ್ತು ಹದಿನೈದು ಗುಂಡು ಸುಕ್ಕುಸುಕ್ಕು, ಅವನ್ನು ವಾಪಸ್ ಪಾತ್ರೆಗೆ ಹಾಕಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕೈಗವಸು ಕನ್ನಡಕ ಹಾಕಿ ಮಾಡಿ. ಹತ್ತಿರದಲ್ಲಿ ನೀರಿನ ಒಂದು ಹನಿಯೂ ಇರಬಾರದು. ಕರಗಿದ ಸೀಸಕ್ಕೆ ನೀರು ಬಿದ್ದರೆ ಪಾತ್ರೆಯಲ್ಲಿದ್ದುದು ಮೇಲಕ್ಕೆ ಎಗರುತ್ತದೆ. ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಸೀಸ ವಿಷ. ನನ್ನ .440 ಇಂಚಿನ ಗುಂಡು 128 ಗ್ರೇನ್ ತೂಗಬೇಕು. ಅದಕ್ಕಿಂತ ಒಂದು ಗ್ರೇನಿಗೂ ಹೆಚ್ಚು ಹಗುರಾದದ್ದೆಲ್ಲ ಬೇರೆ ಡಬ್ಬಿಗೆ. ಒಳಗೆ ಗಾಳಿಗುಳ್ಳೆ ಇದ್ದರೆ ತಕ್ಕಡಿ ಹೇಳುತ್ತದೆ, ಕಣ್ಣು ಹೇಳುವುದಿಲ್ಲ.

ಎಂಟನೆಯ ತಿಂಗಳಿನಲ್ಲಿ ಕೋವಿ ಕೈಗೆ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೆಯ ದಿನ ನನ್ನದೇ ಕೋವಿಯಿಂದ ಮೊದಲ ಗುಂಡು ಹೊಡೆದೆ. ಗುರಿಕಾಗದದಲ್ಲಿ ಏಳರ ವೃತ್ತ. ಕಣ್ಣು ತುಂಬಿ ಬಂತು ಅಂತ ಬರೆಯಲು ಸಂಕೋಚವಿಲ್ಲ. ಎರಡನೆಯದು ಕಾಗದದ ಎಡತುದಿ. ಮೂರನೆಯದು ಕಾಗದದಲ್ಲೇ ಇಲ್ಲ. ನಾಲ್ಕನೆಯದು ಮತ್ತೆ ನಡುವಿನ ಹತ್ತಿರ. ಐದನೆಯದು ಮೇಲೆ.

ಹೀಗೇ ಮೂರು ತಿಂಗಳು ಹೋಯಿತು.

ನನ್ನ ನಿಲುವೇ ಸರಿಯಿಲ್ಲ ಅಂದುಕೊಂಡೆ. ಕನ್ನಡಿ ಮುಂದೆ ದಿನಾ ಅರ್ಧ ಗಂಟೆ ಖಾಲಿ ಕೋವಿ ಹಿಡಿದು ನಿಂತೆ. ಟ್ರಿಗರ್ ಎಳೆಯುವಾಗ ಬೆಚ್ಚುತ್ತಿದ್ದೇನೆ ಅಂತ ಯಾರೋ ಹೇಳಿದರು, ಅದನ್ನೂ ತಿದ್ದಿದೆ. ಕುದುರೆ ಬಿದ್ದು, ಕೇಪು ಸಿಡಿದು, ಬೆಂಕಿ ಮಸಿಗೆ ಹೋಗಿ, ಗುಂಡು ನಳಿಗೆ ದಾಟುವವರೆಗೆ ಈಗಿನ ರೈಫಲ್ಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹೊಡೆದಾದ ಮೇಲೂ ಕದಲಬಾರದು ಅಂತ ತಿಳಿದು ಅಭ್ಯಾಸ ಮಾಡಿದೆ. ಮೇಷ್ಟ್ರು ಹೊಗೆ ಕರಗುವವರೆಗೆ ನಿಂತಿದ್ದುದರ ಕಾರಣ ಆಗ ಗೊತ್ತಾಯಿತು. ಇವೆಲ್ಲ ಬೇಕಾದ ಪಾಠಗಳೇ. ಆದರೆ ಗುಂಡು ಮಾತ್ರ ಚೆದುರುತ್ತಲೇ ಇತ್ತು. ಮಸಿಯನ್ನು 40ರಿಂದ 45ಕ್ಕೆ, 50ಕ್ಕೆ ಏರಿಸಿದೆ, ಮತ್ತೆ ಇಳಿಸಿದೆ. .445 ಇಂಚಿನ ಇನ್ನೊಂದು ಅಚ್ಚು ಕೊಂಡೆ. ಆ ಹಣ ದಂಡ. ನಳಿಗೆಯ ಮೇಲೆ ಗುರಿ ನೋಡುವ ಹಿಂಭಾಗದ ಪಟ್ಟಿಯನ್ನು ಬದಲಿಸಿದೆ. ಅದೂ ದಂಡ. ಒಂದು ಸಂಜೆ ಕೋವಿಯನ್ನು ಮಾರಿಬಿಡೋಣ ಅಂತ ಜಾಹೀರಾತಿನ ಒಕ್ಕಣೆಯನ್ನೂ ಬರೆದಿದ್ದೆ.

ಮೇಷ್ಟ್ರು ಆ ತಿಂಗಳುಗಳಲ್ಲಿ ಕಾಲಿನ ಶಸ್ತ್ರಚಿಕಿತ್ಸೆ ಆಗಿ ರೇಂಜಿಗೆ ಬರುತ್ತಿರಲಿಲ್ಲ. ಬಂದ ಮೊದಲ ದಿನ ನಾನು ಹೊಡೆದ ಹತ್ತು ಗುಂಡಿನ ಕಾಗದ ತೋರಿಸಿದೆ. ಅವರು ಕಾಗದದ ಮೇಲೆ ಕಣ್ಣಾಡಿಸಿ ಮಡಿಚಿಟ್ಟರು. "ಬಿಲ್ಲೆ ಎಲ್ಲಮ್ಮ?" ಅಂದರು.

ಯಾವ ಬಿಲ್ಲೆ ಅಂತ ನನಗೆ ಹೊಳೆಯಲೇ ಇಲ್ಲ.

ಗುಂಡಿಗೆ ಸುತ್ತುವ ಬಟ್ಟೆಯ ಬಿಲ್ಲೆ ಗುಂಡಿನ ಜೊತೆಯಲ್ಲೇ ನಳಿಗೆಯಿಂದ ಹೊರಡುತ್ತದೆ, ಹಗುರವಾದ್ದರಿಂದ ಗಾಳಿಗೆ ತಡೆದು ಕೆಲವು ಮೀಟರಿನಲ್ಲೇ ಕೆಳಗೆ ಬೀಳುತ್ತದೆ. ಮೂರು ತಿಂಗಳು ನನ್ನ ಮುಂದಿನ ನೆಲದ ಮೇಲೆ ಅವು ಬಿದ್ದಿದ್ದವು. ನಾನು ಒಂದನ್ನೂ ಎತ್ತಿ ನೋಡಿರಲಿಲ್ಲ. ರೇಂಜು ತಣ್ಣಗಾಗಿದೆ ಅಂತ ಕೂಗಿದ ಮೇಲೆ, ಎಲ್ಲರ ಕೋವಿಯೂ ಕೆಳಗಿದ್ದಾಗ, ಇಬ್ಬರೂ ಹೋಗಿ ಎಂಟು ಬಿಲ್ಲೆ ಆರಿಸಿಕೊಂಡು ಬಂದೆವು. ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದರೆ ಆರು ಬಿಲ್ಲೆಗಳಲ್ಲಿ, ಗುಂಡಿನ ಅಂಚು ತಾಗುವ ಜಾಗದಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಸೀಳುಗಳಿದ್ದವು. ಸೀಳುಗಳ ನಡುವೆ ಅಂತರ ಒಂದೇ ಸಮ.

ಬಿಲ್ಲೆ ಓದುವುದನ್ನು ಅವರು ಅಲ್ಲೇ ಕಲಿಸಿದರು. ಇದನ್ನು ನಾನು ಆದಷ್ಟು ಬಿಡಿಸಿ ಬರೆಯುತ್ತೇನೆ. ಸರಿಯಾಗಿ ಕೆಲಸ ಮಾಡಿದ ಬಿಲ್ಲೆ ಹರಿದಿರುವುದಿಲ್ಲ. ನಡುವೆ ಮಸಿ ತಾಗಿದ ಕಪ್ಪು ವೃತ್ತ, ಅದರ ಸುತ್ತ ನಳಿಗೆಯ ಗೀರುಗಳ ಗುರುತು, ಹೊರಗೆ ಅಂಚು ಸ್ವಲ್ಪ ಕುಚ್ಚು ಬಿಟ್ಟಿರುತ್ತದೆ. ಬೇಕೆಂದರೆ ಇನ್ನೊಮ್ಮೆ ಬಳಸಬಹುದೇನೋ ಅನ್ನಿಸುವಷ್ಟು ಗಟ್ಟಿಯಾಗಿರುತ್ತದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಇಲ್ಲವೇ ಜಿಡ್ಡು ಸಾಲದು, ಇಲ್ಲವೇ ಮಸಿ ಹೆಚ್ಚು. ಕಪ್ಪು ಒಂದು ಪಕ್ಕಕ್ಕೇ ವಾಲಿದ್ದರೆ ಗುಂಡನ್ನು ಬಾಯಿಯಲ್ಲಿ ನಡುವಿಗೆ ಇಟ್ಟಿಲ್ಲ. ಪೂರ್ತಿ ಚಿಂದಿಯಾಗಿದ್ದರೆ ಬಟ್ಟೆಯೇ ಜೊಳ್ಳು, ಅಥವಾ ಅದು ಹತ್ತಿಯದಲ್ಲ. ನಾರಿನಲ್ಲಿ ಪ್ಲಾಸ್ಟಿಕ್ ಬೆರೆತ ಬಟ್ಟೆ ಕರಗಿ ನಳಿಗೆಗೆ ಅಂಟುತ್ತದೆ, ಅಪ್ಪಟ ಹತ್ತಿಯೇ ಬೇಕು. ನನ್ನ ಬಿಲ್ಲೆಗಳ ಹಾಗೆ ಸಮ ಅಂತರದಲ್ಲಿ ಸೀಳಿದ್ದರೆ ದೋಷ ನಳಿಗೆಯದು: ಹೊಸ ನಳಿಗೆಯ ಬಾಯಲ್ಲಿ ಗೀರುಗಳ ಏಣು ಹರಿತವಾಗಿ ಉಳಿದಿದೆ. ಗುಂಡನ್ನು ಒಳಗೆ ಒತ್ತುವಾಗಲೇ ಅದು ಬಟ್ಟೆಯನ್ನು ಕತ್ತರಿಸುತ್ತಿತ್ತು. ಸೀಳಿದ ಬಟ್ಟೆ ಗುಂಡನ್ನು ಗೀರಿಗೆ ಹಿಡಿಸುವುದಿಲ್ಲ, ಅನಿಲವನ್ನೂ ತಡೆಯುವುದಿಲ್ಲ. ಗುಂಡು ಒಂದೊಂದು ಸಲ ಒಂದೊಂದು ಹಾಗೆ ಹೋಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಅವರು ಇನ್ನೊಂದು ಮಾಡಿಸಿದರು. ಮಸಿ ಹಾಕದೆ, ಬಿಲ್ಲೆ ಸುತ್ತಿದ ಗುಂಡನ್ನು ಬಾಯೊಳಗೆ ಒಂದೆರಡು ಇಂಚು ಮಾತ್ರ ಇಳಿಸಿ, ಗುಂಡು ಎಳೆಯುವ ತಿರುಪನ್ನು ಗಜಕ್ಕೆ ಹಾಕಿ ಹೊರಗೆ ಎಳೆದೆವು. ಬೆಂಕಿಯ ಸೋಂಕೇ ಇಲ್ಲದ ಆ ಬಿಲ್ಲೆಯಲ್ಲೂ ಅದೇ ಸೀಳು.

ಕೋವಿ ರಿಪೇರಿ ಮಾಡುವವರ ಹತ್ತಿರ ಒಯ್ದೆ. ನಳಿಗೆಯ ಬಾಯಿಯ ಏಣನ್ನು ಸಣ್ಣ ಉಜ್ಜುಪುಡಿಯಿಂದ ಸುತ್ತಲೂ ಸಮನಾಗಿ ನುಣುಪು ಮಾಡಿದರು. ಇಪ್ಪತ್ತು ನಿಮಿಷದ ಕೆಲಸ. ಅವರು ಕೇಳಿದ ಹಣ ನಾನು ದಂಡ ತೆತ್ತ ಅಚ್ಚಿನ ಬೆಲೆಗಿಂತ ಕಡಿಮೆ. ಇದನ್ನು ಮನೆಯಲ್ಲೇ ಮಾಡಲು ಹೋಗಬೇಡಿ. ಬಾಯಿ ಒಂದು ಕಡೆಗೆ ಹೆಚ್ಚು ಸವೆದರೆ ನಳಿಗೆಯೇ ಕೆಟ್ಟಂತೆ. ಜೊತೆಗೆ ಬಟ್ಟೆಯನ್ನು .010 ಇಂಚಿನಿಂದ .015 ಇಂಚಿಗೆ ದಪ್ಪ ಮಾಡಿದೆ. ಮುಂದಿನ ಭಾನುವಾರ 45 ಗ್ರೇನ್ ಮಸಿಯಲ್ಲಿ, ಮೇಜಿಗೆ ಒರಗಿಸಿ ಹೊಡೆದ ಐದು ಗುಂಡು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಕಾಗದ ನೋಡುವ ಮೊದಲೇ ನಾನು ನೆಲದಿಂದ ಬಿಲ್ಲೆಗಳನ್ನು ಎತ್ತಿದ್ದೆ. ಐದೂ ಗಟ್ಟಿಯಾಗಿದ್ದವು.

ಕೋವಿ ತಯಾರಿಸಿದವರ ಮೇಲೆ ಸಿಟ್ಟು ಬರಲಿಲ್ಲವೇ ಅಂತ ಗೆಳತಿ ಕೇಳಿದಳು. ಬಂತು. ಅಷ್ಟು ಬೆಲೆ ಕೊಟ್ಟು ಕೊಂಡದ್ದಕ್ಕೆ ಬಾಯಿ ನುಣುಪು ಮಾಡಿ ಕೊಡಬೇಕಿತ್ತು. ಹೊಸ ಪ್ರತಿಕೃತಿಗಳಲ್ಲಿ ಇದು ಅಪರೂಪವಲ್ಲ ಅಂತ ಮೇಷ್ಟ್ರು ಹೇಳಿದರು. ನೂರಿನ್ನೂರು ಗುಂಡು ಹೊಡೆದರೆ ತಾನಾಗಿಯೇ ಸವೆಯುವುದೂ ಉಂಟಂತೆ. ನೀವು ಹೊಸದು ಕೊಂಡರೆ ಮೊದಲ ದಿನವೇ ಬಿಲ್ಲೆಗಳನ್ನು ಆರಿಸಿ, ಒಂದು ಲಕೋಟೆಯಲ್ಲಿ ಹಾಕಿ, ತಾರೀಕು, ಮಸಿಯ ಅಳತೆ, ಬಟ್ಟೆಯ ದಪ್ಪ ಬರೆದಿಡಿ. ನಾನು ಈಗ ಪ್ರತಿವಾರ ಹಾಗೆ ಮಾಡುತ್ತೇನೆ.

ಆಮೇಲಿನ ಅಭ್ಯಾಸ ನೇರ ದಾರಿ ಹಿಡಿಯಿತು. ಆದರೂ ಎರಡು ಘಟನೆ ಹೇಳಲೇಬೇಕು. ಒಂದು ದಿನ ಪಕ್ಕದವರ ಜೊತೆ ಮಾತಾಡುತ್ತ ತುಂಬಿದೆ. ಕೇಪು ಸಿಡಿಯಿತು, ಕೋವಿ ಹಾರಲಿಲ್ಲ. ಕಲಿಸಿದ ಹಾಗೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಎರಡು ನಿಮಿಷ ಎಣಿಸಿದೆ, ಬೆಂಕಿ ಒಳಗೆ ಹೊಗೆಯಾಡುತ್ತಿದ್ದರೆ ತಡವಾಗಿಯೂ ಹಾರಬಹುದು. ಇನ್ನೊಂದು ಕೇಪು ಹಾಕಿದೆ, ಮತ್ತೆ ಅದೇ. ಗಜ ಇಳಿಸಿ ನೋಡಿದರೆ ಗುರುತಿಗಿಂತ ಕೆಳಗೆ ಹೋಯಿತು. ಮಸಿಯನ್ನೇ ಹಾಕದೆ ಗುಂಡು ಕೂರಿಸಿದ್ದೆ. ನಿಪ್ಪಲ್ ಬಿಚ್ಚಿ, ಅದರ ತೂತಿನಿಂದ ಕೆಲವು ಕಾಳು ಮಸಿ ಒಳಗೆ ಕೂರಿಸಿ, ಗುಂಡನ್ನು ಮತ್ತೆ ತಳಕ್ಕೆ ಒತ್ತಿ, ಮೇಷ್ಟ್ರ ಎದುರಿಗೇ ಹೊಡೆದು ಹೊರಹಾಕಿದೆ. ಗಜದ ಮೇಲೆ ಎರಡು ಗೆರೆ ಕೊರೆದಿಡಿ: ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದಾಗ ಒಂದು. ಗುಂಡು ಮಸಿಯ ಮೇಲೆ ಕೂರದೆ ನಡುವೆ ನಿಂತಿದ್ದರೂ ಆ ಗೆರೆಯೇ ತಿಳಿಸುತ್ತದೆ. ಹಾಗೆ ನಡುವೆ ನಿಂತ ಗುಂಡನ್ನು ಹೊಡೆದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಖಾಲಿ ಟ್ಯೂಬನ್ನು ಮಸಿ ಸುರಿದ ಕೂಡಲೇ ತಲೆಕೆಳಗಾಗಿ ಇಡುವುದು ಅಂದಿನಿಂದ ನನ್ನ ರೂಢಿ. ತುಂಬುವಾಗ ಯಾರ ಜೊತೆಯೂ ಮಾತಿಲ್ಲ.

ಎರಡನೆಯದು, ಒಂದು ಸಂಜೆ ಸುಸ್ತಾಗಿ ಕೋವಿಯನ್ನು ತೊಳೆಯದೆ ಮಲಗಿದೆ. ಮಸಿ ಉರಿದರೆ ಅರ್ಧಕ್ಕಿಂತ ಹೆಚ್ಚು ಘನ ಶೇಷವಾಗಿ ಉಳಿಯುತ್ತದೆ, ಅದು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮಾರನೆಯ ಮಧ್ಯಾಹ್ನ ಒಳಗೆ ಹಾಕಿದ ಬಿಳಿ ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಬಂತು. ತುಕ್ಕು ಮೇಲ್ಮೈಯದಷ್ಟೇ, ಉಜ್ಜಿದಾಗ ಹೋಯಿತು. ಆದರೆ ಆ ಬಟ್ಟೆ ನೋಡಿದಾಗಿನ ಸಂಕಟ ಇನ್ನೂ ನೆನಪಿದೆ.

ಸ್ಪರ್ಧೆಯ ದಿನ ಒಣಗಾಳಿ. ಅಭ್ಯಾಸವೆಲ್ಲ ಮಳೆ ಮೋಡದ ತಿಂಗಳುಗಳಲ್ಲಿ ಆಗಿತ್ತು, ಆಗ ಶೇಷ ಮೆತ್ತಗಿರುತ್ತಿತ್ತು. ಹವೆ ಒಣಗಿದರೆ ಅದು ನಳಿಗೆಯಲ್ಲಿ ಗಟ್ಟಿ ಕರಿಯಾಗಿ ಕಚ್ಚಿಕೊಳ್ಳುತ್ತದೆ ಅಂತ ಕೇಳಿದ್ದೆ, ಕಂಡಿರಲಿಲ್ಲ. ತಪಾಸಣೆಯಲ್ಲಿ ಕೋವಿ, ಟ್ಯೂಬು, ಕನ್ನಡಕ ಎಲ್ಲ ನೋಡಿ ಚೀಟಿ ಅಂಟಿಸಿದರು. ಅದಕ್ಕೇ ಮುಕ್ಕಾಲು ಗಂಟೆ ಸಾಲು, ಬೇಗ ಹೋಗಿ. ಮೂವತ್ತು ನಿಮಿಷವನ್ನು ಹದಿಮೂರರಿಂದ ಭಾಗಿಸಿದರೆ ಒಂದು ಗುಂಡಿಗೆ ಎರಡು ನಿಮಿಷ ಹದಿನೆಂಟು ಸೆಕೆಂಡು. ಮನೆಯಲ್ಲಿ ಅಷ್ಟರಲ್ಲಿ ಆರಾಮವಾಗಿ ಮುಗಿಯುತ್ತಿತ್ತು.

ಮೊದಲ ಐದು ಗುಂಡು ಅಭ್ಯಾಸದ ಹಾಗೇ ಹೋದವು. ಆರನೆಯದು ನಳಿಗೆಯ ಅರ್ಧದಲ್ಲಿ ನಿಂತಿತು. ಗಜದ ಮೇಲಿನ ಗೆರೆ ಬಾಯಿಂದ ಒಂದು ಗೇಣು ಮೇಲೆ. ಎರಡೂ ಕೈಯಲ್ಲಿ ಒತ್ತಿದೆ, ಇಳಿಯಲಿಲ್ಲ. ಎದೆ ಹೊಡೆದುಕೊಳ್ಳುತ್ತಿದ್ದರೂ ಕೇಪಿನ ಡಬ್ಬಿಯನ್ನು ದೂರ ಸರಿಸಿ ಕೈ ಎತ್ತಿದೆ. ಅಧಿಕಾರಿ ಬಂದು ಪಕ್ಕದಲ್ಲಿ ನಿಂತರು. ಗಜವನ್ನು ಸಣ್ಣ ಸಣ್ಣ ಪಟ್ಟಿನಲ್ಲಿ, ಮುಖ ಆಚೆ ಇಟ್ಟು ಒತ್ತುತ್ತ ಒತ್ತುತ್ತ ಗೆರೆ ಬಾಯಿಗೆ ಬಂತು. ನಾಲ್ಕು ನಿಮಿಷ ಹೋಗಿತ್ತು. ಆ ಗುಂಡು ಎರಡರ ವೃತ್ತಕ್ಕೆ ಬಿತ್ತು. ಅಲ್ಲಿಂದ ಮುಂದೆ ಪ್ರತಿ ಹೊಡೆತದ ನಂತರ ಒದ್ದೆ ಬಟ್ಟೆಯನ್ನು ಒಮ್ಮೆ, ಒಣ ಬಟ್ಟೆಯನ್ನು ಒಮ್ಮೆ ನಳಿಗೆಯಲ್ಲಿ ಆಡಿಸಿದೆ. ಒಂದೊಂದಕ್ಕೆ ಇಪ್ಪತ್ತು ಸೆಕೆಂಡು ಹೆಚ್ಚು ಹಿಡಿಯಿತು, ಆದರೆ ಗುಂಡು ಬೆಣ್ಣೆಯಂತೆ ಇಳಿಯಿತು. ನೀವು ಒಣಹವೆಯಲ್ಲಿ ಮೊದಲ ಗುಂಡಿನಿಂದಲೇ ಹಾಗೆ ಮಾಡಿ.

ಸಮಯ ಮುಗಿದಾಗ ನಾನು ಹನ್ನೆರಡು ಹೊಡೆದಿದ್ದೆ. ಹದಿಮೂರನೆಯ ಟ್ಯೂಬು ಮಸಿ ಸಮೇತ ಪೆಟ್ಟಿಗೆಯಲ್ಲೇ ಉಳಿಯಿತು. ಎರಡು ಮತ್ತು ನಾಲ್ಕನ್ನು ಬಿಟ್ಟು ಉಳಿದ ಹತ್ತು ಲೆಕ್ಕಕ್ಕೆ ಬಂದವು: ಒಂಬತ್ತು ಎರಡು, ಎಂಟು ಮೂರು, ಏಳು ಎರಡು, ಆರು ಮೂರು. ಒಟ್ಟು 74. ಹತ್ತರ ವೃತ್ತದಲ್ಲಿ ಒಂದೂ ಇಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಕೆಳಗಿನಿಂದ ಐದನೆಯದು. ನಾಲ್ಕು ತಿಂಗಳ ಹಿಂದೆ ಹತ್ತರಲ್ಲಿ ಮೂರು ಗುಂಡು ಕಾಗದಕ್ಕೇ ತಾಗದಿದ್ದ ಕೋವಿ ಇದು. ನನಗೆ ತುಂಬ ಖುಷಿಯಾಯಿತು.

ಮೇಷ್ಟ್ರು ಅಂಕ ಕೇಳಲಿಲ್ಲ. ಕೈ ಚಾಚಿದರು. ಜೇಬಿನಲ್ಲಿದ್ದ ಲಕೋಟೆ ಕೊಟ್ಟೆ. ಹನ್ನೆರಡರಲ್ಲಿ ಒಂಬತ್ತು ಬಿಲ್ಲೆ ಸಿಕ್ಕಿದ್ದವು. ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಆರನೆಯ ಗುಂಡಿನದಿರಬೇಕು, ಒಂದು ಪಕ್ಕ ಜಜ್ಜಿದ್ದ ಬಿಲ್ಲೆಯನ್ನು ಬೇರೆ ತೆಗೆದಿಟ್ಟು, ಉಳಿದ ಎಂಟನ್ನು ವಾಪಸ್ ಕೊಟ್ಟರು. "ಸಂಜೆ ಬಿಸಿನೀರು ಕಾಯಿಸೋದು ಮರೀಬೇಡ" ಅಂದರು.

ಆರೂವರೆಗೆ ಮನೆ ತಲುಪಿದೆ. ನಿಪ್ಪಲ್ ಬಿಚ್ಚಿ, ನಳಿಗೆಯ ತಳವನ್ನು ಬಕೆಟ್ಟಿನಲ್ಲಿ ಇಟ್ಟು, ಬಟ್ಟೆ ಸುತ್ತಿದ ಕೋಲಿನಿಂದ ಬಿಸಿನೀರನ್ನು ಒಳಗೆ ಎಳೆದೆ. ಮೊದಲ ನೀರು ಇದ್ದಿಲಿನ ಕಪ್ಪು, ಎರಡನೆಯದು ಬೂದಿ ಬಣ್ಣ. ನಾಲ್ಕನೆಯ ಬಟ್ಟೆ ಬಿಳಿಯಾಗಿಯೇ ಹೊರಬಂತು. ಎಣ್ಣೆ ಸವರಿ ಕೋವಿಯನ್ನು ಕಪಾಟಿಗೆ ಇಟ್ಟೆ. ಮುಂದಿನ ಸ್ಪರ್ಧೆಯ ಅರ್ಜಿಗೆ ಕೊನೆಯ ದಿನ ಈ ತಿಂಗಳ ಇಪ್ಪತ್ತು.